ಇನ್ನೂರೈವತ್ತರ ಒಳಗಿನ ಪೇಟಿ

ನಮ್ಮಪ್ಪ ಖಾನಾಪುರದಲ್ಲಿ ಹಂಚಿನ ವ್ಯಾಪಾರ ಮಾಡುತ್ತಿದ್ದರು. ಅವರ ಲೋಕದಲ್ಲಿ ಸಾಧಾರಣ ಎನ್ನುವ ವಸ್ತುವೇ ಇರಲಿಲ್ಲ. ನಮ್ಮ ಬಾವಿಯ ನೀರಿನಷ್ಟು ಸಿಹಿ ನೀರು ಜಿಲ್ಲೆಯಲ್ಲೇ ಇಲ್ಲ, ನಮ್ಮ ಎಮ್ಮೆಯ ಹಾಲಿನಷ್ಟು ದಪ್ಪ ಹಾಲನ್ನು ಯಾರೂ ಕಂಡಿಲ್ಲ. ನಾನು ಬೆಳಗಾವಿಯಲ್ಲಿ ಕಾನೂನು ಓದಲು ಸೇರಿ ಇನ್ನೂ ಪುಸ್ತಕಗಳಿಗೆ ರಟ್ಟು ಹಾಕಿರಲಿಲ್ಲ, ಆಗಲೇ ಓಣಿಯವರ ಮುಂದೆ ನಾನು ‘ನಮ್ಮ ವಕೀಲ್ರು’ ಆಗಿದ್ದೆ. ಹಂಚು ಮಾರಿ ಮಾರಿ ಬಾಯಿ ಹೀಗಾಗಿದೆ ಎಂದು ಅವ್ವ ಅನ್ನುತ್ತಿದ್ದಳು. ಇವೆಲ್ಲಕ್ಕೂ ಕಳಶವಿಟ್ಟದ್ದು ಅವರ ಪೇಟಿ.

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾಗೆನ್ನುವುದೇ ರೂಢಿ. ನಾನು ಸಣ್ಣವಳಿದ್ದಾಗ ಅಪ್ಪ ಅದನ್ನು ಬೆಳಗಾವಿಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಬೆಲೆ ಐದುನೂರು ರೂಪಾಯಿ, ಒಳಗಿರುವ ಸ್ವರದ ಹಿತ್ತಾಳೆ ಪಟ್ಟಿಗಳೆಲ್ಲ ಜರ್ಮನಿಯಿಂದ ಬಂದವು ಎಂದು ಹೊಸ್ತಿಲಲ್ಲೇ ಸಾರಿದರು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, “ಅದ ರೊಕ್ಕದಾಗ ನನಗ ಎರಡು ಬಂಗಾರದ ಬಳಿ ಆಗ್ತಿದ್ವು” ಎಂದಳು. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾದ ಜಗಳವೂ ನಮ್ಮ ಮನೆಯಲ್ಲಿ ಆ ಬಳೆಗಳಿಗೇ ಬಂದು ನಿಲ್ಲುತ್ತಿತ್ತು. ಅಪ್ಪ ಒಂದು ಮಾತೂ ಎದುರಾಡದೆ ಬೈಸಿಕೊಳ್ಳುತ್ತಿದ್ದರು. ದುಂದುಗಾರ ಅನ್ನಿಸಿಕೊಳ್ಳುವುದು ಅವರಿಗೆ ಒಳಗೊಳಗೇ ಸೇರುತ್ತಿತ್ತು.

ಪ್ರತಿ ಸೋಮವಾರ ಸಂಜೆ ಗುಡಿಯ ಮುಂದಿನ ಬಯಲು ಕಟ್ಟೆಯ ಮೇಲೆ ಭಜನೆ. ನಮ್ಮದು ಗಡಿಯ ಊರಲ್ಲವೇ, ಒಂದು ವಚನವಾದರೆ ಮುಂದಿನದು ಮರಾಠಿ ಅಭಂಗ. ಅಪ್ಪ ಪೇಟಿಯ ಹಿಂದೆ ಕೂತರೆ ಹಂಚಿನ ವ್ಯಾಪಾರಿ ಮಾಯವಾಗಿ ಬೇರೆಯೇ ಮನುಷ್ಯ ಆಗುತ್ತಿದ್ದರು. ನುಡಿಸುತ್ತ ನುಡಿಸುತ್ತ ಕೆಲವು ಕಡೆ ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ದನಿಯನ್ನು ಒಮ್ಮೆಗೇ ಏರಿಸುತ್ತಿದ್ದರು. ಕೂತವರೆಲ್ಲ ‘ಆಹಾ’ ಎನ್ನುತ್ತಿದ್ದರು. ಭಕ್ತಿ ಉಕ್ಕಿ ಬಂತೆಂದೇ ನಾವೆಲ್ಲ ತಿಳಿದಿದ್ದೆವು. ಆದರೆ ಆ ಪೇಟಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೊರುವುದಕ್ಕೂ ಬಿಡುತ್ತಿರಲಿಲ್ಲ.

ಭಜನೆಗೆ ಡಗ್ಗಾ ಬಾರಿಸಲು ಗುಂಜಿಯಿಂದ ರೈಲಿನಲ್ಲಿ ಒಬ್ಬ ಯುವಕ ಬರುತ್ತಿದ್ದ. ತಂದೆಯಿಲ್ಲದವನು, ಮಾಸ್ತರಿಕೆಯ ತರಬೇತಿ ಮುಗಿಸಿ, ಪ್ರಾಥಮಿಕ ಶಾಲೆಗೆ ಆಯ್ಕೆಯಾಗಿ, ನೌಕರಿಯ ಆರ್ಡರಿಗೆ ಕಾಯುತ್ತಿದ್ದ. ಡಗ್ಗಾ ಅಷ್ಟೇ ಅಲ್ಲ, ಪೇಟಿಯನ್ನೂ ಬಲ್ಲವನು. ಅವನ ಊರಲ್ಲಿ ನಾಟಕ ನಿಗದಿಯಾಗಿತ್ತು. ಹೇಳಿಟ್ಟಿದ್ದ ಪೇಟಿಯವನು ಇನ್ನು ಹತ್ತು ದಿನವಿದೆ ಎನ್ನುವಾಗ ಬರುವುದಿಲ್ಲ ಎಂದ. ಯುವಕ ಅಪ್ಪನ ಮುಂದೆ ಕೈಕಟ್ಟಿ ನಿಂತು, ಎರಡು ದಿನದ ಮಟ್ಟಿಗೆ ನಿಮ್ಮ ಪೇಟಿ ಕೊಡಿ ಎಂದು ಕೇಳಿದ.

“ಪೇಟಿ ಮತ್ತ ಹಲ್ಲುಜ್ಜೂ ಕಡ್ಡಿ, ಒಬ್ಬರದು ಒಬ್ಬರಿಗೆ ಕೊಡೂದಲ್ಲ” ಎಂದು ಅಪ್ಪ ಮಾತು ಮುಗಿಸಿಬಿಟ್ಟರು.

ಅದರ ಮುಂದಿನ ಸೋಮವಾರ ಭಜನೆ ಮುಗಿದು ಎಲ್ಲರೂ ಪ್ರಸಾದಕ್ಕೆ ಗುಡಿಯ ಒಳಗೆ ಹೋದರು. ಪೇಟಿ ಕಟ್ಟೆಯ ಮೇಲೆಯೇ ಇತ್ತು. ಕೈ ತೊಳೆದು ಹೊರಗೆ ಬಂದು ನೋಡಿದರೆ ಕಟ್ಟೆ ಖಾಲಿ. ಅಪ್ಪನ ಸಿಟ್ಟು ಊರಿಗೇ ಗೊತ್ತು. ಯಾರು ಒಯ್ದಿರಬಹುದು, ಯಾರು ಪ್ರಸಾದಕ್ಕೆ ಬರಲಿಲ್ಲ ಎಂದು ಒಂದು ಗಳಿಗೆ ಕೂತು ಯೋಚಿಸದೆ ನೆಟ್ಟಗೆ ಪೊಲೀಸ್ ಠಾಣೆಗೆ ನಡೆದರು. ಕಳುವಾದ ಮಾಲಿನ ಬೆಲೆ ಎಷ್ಟು ಎಂದು ಕೇಳಿದಾಗ ಅಲ್ಲಿಯೂ ಐದುನೂರು ಎಂದರು, ಜರ್ಮನಿಯ ಸ್ವರ ಎಂದೂ ಬರೆಸಿದರು. ಬೆಲೆ ಹೆಚ್ಚಿದ್ದರೆ ಪೊಲೀಸರು ಜೋರಾಗಿ ಓಡುತ್ತಾರೆ ಎನ್ನುವ ಲೆಕ್ಕವೂ ಅವರಿಗಿತ್ತು.

ಪೊಲೀಸರು ಓಡಿದರು ಕೂಡ. ಒಂದು ಬೆಳಿಗ್ಗೆ ಗುಂಜಿ ಸ್ಟೇಷನ್ನಿನಲ್ಲಿ, ಕಂಬಳಿಯಲ್ಲಿ ಸುತ್ತಿದ ಪೇಟಿಯನ್ನು ಮಗ್ಗುಲಿಗಿಟ್ಟುಕೊಂಡು ಖಾನಾಪುರದ ಕಡೆಯ ರೈಲಿಗೆ ಕಾಯುತ್ತಿದ್ದ ಆ ಯುವಕ ಸಿಕ್ಕಿಬಿದ್ದ. ನಾಟಕ ಮುಗಿಯಿತು, ಪೇಟಿಯನ್ನು ತಿರುಗಿ ಕಟ್ಟೆಯ ಮೇಲೆ ಇಡಲು ಹೊರಟಿದ್ದೆ ಎಂದು ಹೇಳಿದ. ಇಂಥ ಮಾತನ್ನು ಪೊಲೀಸರು ದಿನಬೆಳಗಾದರೆ ಕೇಳಿರುತ್ತಾರೆ. ನಾಟಕದ ಗದ್ದಲದಲ್ಲಿ ಯಾರೋ ಕಾಲಿಟ್ಟು ಪೇಟಿಯ ಗಾಳಿ ಹಾಕುವ ತಿದಿ ಒಂದು ಕಡೆ ಹರಿದಿತ್ತು.

ಕಳ್ಳ ಯಾರೆಂದು ತಿಳಿದ ಕೂಡಲೆ ಅಪ್ಪನ ಸಿಟ್ಟು ಇಳಿದುಹೋಯಿತು. ಮತ್ತೆ ಠಾಣೆಗೆ ಹೋಗಿ, “ನಮ್ಮ ಹುಡುಗರೀ ಅಂವ, ಬಿಟ್ಟಬಿಡ್ರಿ” ಎಂದರಂತೆ.

“ಇದು ನಿಮ್ಮ ಅಂಗಡಿ ಅಲ್ರಿ ಸಾವಕಾರ್ರ, ಒಯ್ದ ಹಂಚು ತಿರುಗಿ ಇಡಾಕ” ಎಂದು ಫೌಜದಾರರು ನಕ್ಕು ಕಳಿಸಿದರು.

ಯುವಕನಿಗೆ ಜಾಮೀನು ಸಿಕ್ಕಿತು. ಆದರೆ ಖಾನಾಪುರದ ಕೋರ್ಟಿನಲ್ಲಿ ಕಳವಿನ ಖಟ್ಲೆ ನಿಂತಿತು. ಶಿಕ್ಷೆ ಎಷ್ಟೇ ಸಣ್ಣದಾಗಲಿ, ಕಳ್ಳ ಎಂದು ಒಮ್ಮೆ ತೀರ್ಪಾದರೆ ಮಾಸ್ತರನ ನೌಕರಿ ಅಲ್ಲಿಗೆ ಮುಗಿಯಿತು. ಆ ನೌಕರಿಯೊಂದೇ ಆ ಮನೆಯ ಆಸರೆ.

ಅವನ ತಾಯಿ ವಾರಕ್ಕೆರಡು ಸಲ ಬೆಳಗಿನ ರೈಲಿಗೆ ನಮ್ಮ ಮನೆಗೆ ಬರತೊಡಗಿದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಸುಮ್ಮನೆ ನಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮೊದಲ ದಿನ ಅವ್ವ ಮುಖ ತಿರುಗಿಸಿದಳು. ಮುಂದಿನ ಸಲ ಚಹಾ ಕೊಟ್ಟಳು. ಆಮೇಲೆ ನೋಡಿದರೆ ಇಬ್ಬರೂ ಕೂತು ಮರಾಠಿಯಲ್ಲಿ ಹರಟುತ್ತ ಶಾವಿಗೆ ಹೊಸೆಯುತ್ತಿದ್ದರು. ಅಪ್ಪ ಹೊರಗೆ ಹೋಗಬೇಕಾದರೆ ಆ ಶಾವಿಗೆಯನ್ನು ದಾಟಿಯೇ ಹೋಗಬೇಕು. ಕೊನೆಗೆ ಅವರು ಹಿತ್ತಲ ಬಾಗಿಲು ಬಳಸತೊಡಗಿದರು. ನನಗೂ ಹೇಳಿಕಳಿಸಿದರು: ಇಷ್ಟು ಫೀ ಕಟ್ಟಿ ಕಾಯ್ದೆ ಓದಿಸಿದ್ದು ಯಾತಕ್ಕೆ, ಈ ಖಟ್ಲೆ ಮುರಿಯುವ ಹಾದಿ ಹುಡುಕು.

ನಾನು ಆಗ ಬೆಳಗಾವಿಯ ಶಹಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಕೆಳಗೆ ಮಗ್ಗದ ಸದ್ದು, ಮೇಲೆ ನನ್ನ ಪಾಠ. ಹಗಲಿಡೀ ಓದಿದರೂ ಕಾಯ್ದೆಯ ಒಂದು ಕಲಮು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಅತ್ತೆಗೆ ಗುರುತಿದ್ದ ಒಬ್ಬ ಹಿರಿಯ ಜೈನ ವಕೀಲರ ಮನೆಗೆ ಹೋದೆ. ಹೊತ್ತು ಮುಳುಗುವುದರೊಳಗೆ ಅವರ ಊಟ ಆಗಬೇಕು. ಒಳಗಿನಿಂದ ಅವರ ಮನೆಯಾಕೆ ಎರಡು ಸಲ ಕೂಗಿಯಾಗಿತ್ತು. ಒಂದು ಕಣ್ಣು ಕಿಟಕಿಯ ಬಿಸಿಲಿನ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟು ಅವರು ಕೇಳಿಸಿಕೊಂಡರು.

“ರಾಜಿ ಆಗಬಹುದು ನೋಡವಾ. ಪೇಟಿ ಮನಿಯೊಳಗಿಂದ ಹೋತೋ, ಬಯಲಾಗಿಂದ ಹೋತೋ?”

“ಬಯಲ ಕಟ್ಟಿ ಮ್ಯಾಲಿಂದ ರೀ.”

“ಬದುಕಿದ್ರಿ. ಮಾಳಿಗಿ ಕೆಳಗಿಂದ ಹೋಗಿದ್ರ ರಾಜಿ ಮಾತ ಇದ್ದಿಲ್ಲ. ಎರಡನೇದು, ಹರದದ್ದನ್ನ ಅಂವ ನೆಟ್ಟಗ ಮಾಡಿ ಕೊಡ್ತಾನಂತ ಬರಕೋರ್ರಿ. ಬರಿಯೂದು ನಾವು, ಆದ್ರ ಅದಕ್ಕ ಜೀವ ತುಂಬೂದು ಕೋರ್ಟು. ಮಾಲಕ ತಾನ ಬಂದು, ಯಾರ ಜುಲುಮಿನೂ ಇಲ್ಲಂತ ಹೇಳಬೇಕು. ಸಾಹೇಬ್ರಿಗೆ ಅದು ಖರೇ ಅನಸಬೇಕು, ಪರವಾನಗಿ ಕೊಡಬೇಕು. ಮೂರನೇದು ಬೆಲಿ. ಕಳುವಾದ ಮಾಲು ಇನ್ನೂರೈವತ್ತು ರೂಪಾಯಿ ಒಳಗಿರಬೇಕು. ಎಷ್ಟಂತ ಬರಸ್ಯಾರ ನಿಮ್ಮಪ್ಪ?”

“ಐದನೂರು.”

ಅವರು ಕನ್ನಡಕ ತೆಗೆದು ಒರೆಸಿದರು. “ನಿಮ್ಮಪ್ಪನ ನಾಲಗಿ ಕಾಯ್ದೆಕ್ಕಿಂತ ಇನ್ನೂರೈವತ್ತು ಮುಂದ ಓಡೇತಿ. ಖರೇ ಬೆಲಿ ಕಡಿಮಿ ಇದ್ರ ಕೋರ್ಟಿನ್ಯಾಗ ಪ್ರಮಾಣ ಮಾಡಿ ಹೇಳ್ಲಿ. ಖರೇನ ಐದನೂರಿದ್ರ ಸುಳ್ಳು ಹೇಳಾಕ ನಾ ಕಲಸೂದಿಲ್ಲ, ನೀನೂ ಕಲಸಬ್ಯಾಡ.” ಇಷ್ಟು ಹೇಳಿ, ಉಳಿದ ಬಿಸಿಲಿನಲ್ಲಿ ಊಟಕ್ಕೆ ಎದ್ದರು.

ಶನಿವಾರ ಊರಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಬೆಲೆಯ ಮಾತು ಬಂದದ್ದೇ ತಡ, ಅಪ್ಪ ಬಿಳಿಚಿಕೊಂಡು, ಆಮೇಲೆ ಕೆಂಪಾದರು.

“ನನ್ನ ಪೇಟಿ ಐದನೂರರದ್ದು! ಇಡೀ ಖಾನಾಪುರಕ್ಕ ಗೊತ್ತೈತಿ. ನಾಳೆ ಕೋರ್ಟಿನ್ಯಾಗ ನಿಂತು ಅದು ಡಬ್ಬಾ ಐತ್ರಿ ಅನ್ಲೇನು?”

“ಪೇಟಿ ಮಾನ ದೊಡ್ಡದೋ, ಆ ಹುಡುಗನ ಬಾಳೇವು ದೊಡ್ಡದೋ?” ಎಂದಳು ಅವ್ವ, ಒಳಗಿನಿಂದಲೇ.

ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟು ಬಂತು. ಎಂಥ ಜಂಬದ ಕೋಳಿ ಇವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ರಾಜಿ ಅರ್ಜಿಗೆ ಸಹಿಯನ್ನೇನೋ ಹಾಕಿದರು, ಆದರೆ ಬೆಲೆ ಎಷ್ಟು ಹೇಳುತ್ತೀರಿ ಎಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಕೋರ್ಟಿನ ದಿನದ ಬೆಳಿಗ್ಗೆಯೂ ನಮಗೆ ಗೊತ್ತಿರಲಿಲ್ಲ.

ಅಂದು ಕೋರ್ಟಿಗೆ ಇಡೀ ಭಜನೆಯ ತಂಡವೇ ಬಂದು ಕೂತಿತ್ತು. ಅವ್ವ ಮತ್ತು ಯುವಕನ ತಾಯಿ ಹಿಂದಿನ ಬೆಂಚಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಆರೋಪಿಯ ತಾಯಿ ಯಾರು, ಫಿರ್ಯಾದಿಯ ಹೆಂಡತಿ ಯಾರು ಎಂದು ನೋಡಿದವರಿಗೆ ಹೇಳಲು ಬರುವಂತಿರಲಿಲ್ಲ. ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿಸಿಕೊಂಡ ನಮ್ಮ ಪೇಟಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಕೂತಿತ್ತು. ನ್ಯಾಯಾಧೀಶರು ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ಸಣ್ಣವರು, ಮಾತು ಬಹಳ ಮೆತ್ತಗೆ. ಅಪ್ಪ ಪ್ರಮಾಣ ಮಾಡಿದರು.

“ಈ ರಾಜಿಗೆ ನೀವು ಸ್ವಂತ ಇಚ್ಛೆಯಿಂದ ಒಪ್ಪಿದೀರಾ? ಯಾರಾದರೂ ಒತ್ತಾಯ ಮಾಡಿದಾರಾ?”

ಇದಕ್ಕೆ ಏನು ಹೇಳಬೇಕು ಎಂದು ಹತ್ತು ಸಲ ಪಾಠ ಮಾಡಿಸಿದ್ದೆ. ಅಪ್ಪ ನನ್ನತ್ತ ನೋಡಲೇ ಇಲ್ಲ.

“ಒತ್ತಾಯ ಐತ್ರಿ ಸಾಹೇಬ್ರ.”

ಬರೆಯುತ್ತಿದ್ದ ಲೇಖನಿ ನಿಂತಿತು. “ಯಾರದು?” ಎಂದರು ನ್ಯಾಯಾಧೀಶರು.

“ನಮ್ಮ ಮನಿಯಾಕಿದು. ಮಗಳದು. ಭಜನಿ ಮಂದಿದು. ಹುಡುಗನ ತಾಯಿ ದಿನಾ ನಮ್ಮ ಕಟ್ಟಿ ಮ್ಯಾಲೆ ಶಾವಿಗಿ ಹೊಸೀತಾಳ್ರಿ.”

ಕೋರ್ಟು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. “ಇವರು ಯಾರೂ ಹೇಳದೇ ಇದ್ದಿದ್ದರೆ ನೀವು ರಾಜಿ ಆಗುತ್ತಿರಲಿಲ್ಲವೇ?”

“ಆಗ್ತಿದ್ದೆ ರೀ. ಅಂವ ಅಂತ ಗೊತ್ತಾದ ದಿನಾನ ಆಗಿದ್ದೆ. ಪೊಲೀಸ್ರು ಬಿಡಲಿಲ್ಲ.”

ಲೇಖನಿ ಮತ್ತೆ ಓಡಿತು. ಆಗ ಸರಕಾರಿ ವಕೀಲರು ಎದ್ದು, ಫಿರ್ಯಾದಿನಲ್ಲಿ ಬೆಲೆ ಐದುನೂರು ಎಂದಿದೆ, ಇಷ್ಟು ಬೆಲೆಯ ಕಳವಿಗೆ ರಾಜಿ ಮಾಡಲು ಕಾಯ್ದೆಯಲ್ಲಿ ಆಸ್ಪದವಿಲ್ಲ ಎಂದರು. ನ್ಯಾಯಾಧೀಶರು ಅಪ್ಪನ ಕಡೆ ತಿರುಗಿದರು.

“ನಿಜವಾಗಿ ಎಷ್ಟು ಕೊಟ್ಟು ತಂದಿರಿ?”

ಅಪ್ಪ ಒಮ್ಮೆ ಭಜನೆಯ ತಂಡವನ್ನು ನೋಡಿದರು, ಒಮ್ಮೆ ಆರೋಪಿಯ ಕಟಕಟೆಯಲ್ಲಿದ್ದ ಯುವಕನನ್ನು ನೋಡಿದರು. ಕೊನೆಗೆ, ಹಿಂದಿನ ಬೆಂಚನ್ನು ಬಿಟ್ಟು ಬೇರೆಲ್ಲಾದರೂ ನೋಡಬೇಕೆಂಬಂತೆ ಸೂರಿನ ಕಡೆ ನೋಡಿದರು.

“ನೂರಾ ಎಂಬತ್ತು ರೀ. ಬೆಳಗಾವ್ಯಾಗ ಒಂದು ನಾಟಕ ಕಂಪನಿ ಮುಚ್ಚಿತ್ತು. ಅವರ ಹಳೀ ಪೇಟಿ.”

“ಐದುನೂರು ಅಂತ ಪೊಲೀಸರಿಗೆ ಯಾಕೆ ಹೇಳಿದಿರಿ?”

“ಅದು ಬಾಯಿ ಮಾತಿನ ಬೆಲಿ ರೀ. ಒಮ್ಮಿ ಹೇಳಿದ್ದೆ, ಇಳಸಾಕ ಆಗಲಿಲ್ಲ.”

ಹಿಂದಿನ ಬೆಂಚಿನಲ್ಲಿ ಅವ್ವನ ಬಳೆಗಳು ಸದ್ದು ಮಾಡಿದವು. ಗಾಜಿನ ಬಳೆಗಳೇ. ಪೊಲೀಸರ ಮುಂದೆ ಬೆಲೆ ಏರಿಸಿ ಹೇಳುವುದು ಸಣ್ಣ ತಪ್ಪಲ್ಲ ಎಂದು ನ್ಯಾಯಾಧೀಶರು ಅಪ್ಪನನ್ನು ಚೆನ್ನಾಗಿಯೇ ಬೈದರು. ಸರಕಾರಿ ವಕೀಲರು ಬಿಡಲಿಲ್ಲ. ರಾಜಿಗೋಸ್ಕರ ಈಗ ಬೆಲೆ ಇಳಿಸುತ್ತಿದ್ದಾರೆ, ಜರ್ಮನಿಯ ಸ್ವರದ ಪೇಟಿ ನೂರಾ ಎಂಬತ್ತಕ್ಕೆ ಎಲ್ಲಿ ಸಿಗುತ್ತದೆ ಎಂದರು. ಅವರ ಮಾತೂ ಸುಳ್ಳಲ್ಲ. ನ್ಯಾಯಾಧೀಶರು ಪೇಟಿಯನ್ನೇ ನೋಡುತ್ತ ಕೂತರು. ಆಮೇಲೆ, “ಮುದ್ರೆ ತೆಗೆಯಿರಿ. ನುಡಿಸಿ, ಕೇಳೋಣ” ಎಂದರು.

ತಿದಿ ಹರಿದಿದೆ ಎಂದು ಯಾರೋ ಹೇಳಿದರು. ಜವಾನನೊಬ್ಬ ಬಂದು ಹರಿದಲ್ಲಿ ಅಂಗೈ ಒತ್ತಿ ಹಿಡಿದ. ಅಪ್ಪ ಕಟಕಟೆಯಿಂದ ಇಳಿದು ಬಂದು ಮೇಜಿನ ಮುಂದೆ ನಿಂತರು. ಯಾವುದಾದರೂ ಭಜನೆ ನುಡಿಸಿ ಎಲ್ಲರನ್ನೂ ಮರುಳು ಮಾಡುತ್ತಾರೆ, ಖಟ್ಲೆ ಕೆಡುತ್ತದೆ ಎಂದು ನಾನು ಹೆದರಿದ್ದೆ. ಅವರು ಭಜನೆ ನುಡಿಸಲಿಲ್ಲ. ಮೊದಲ ಪಾಠ ಕಲಿಯುವ ಮಕ್ಕಳಂತೆ ಕೆಳಗಿನಿಂದ ಬೆರಳಿಡುವ ಒಂದೊಂದೇ ಮನೆ ಒತ್ತುತ್ತ ಮೇಲೇರಿದರು. ಸಾ ಬಂತು, ರಿ ಬಂತು. ಮೂರನೆಯದನ್ನು ಒತ್ತಿದರೆ ಬರೀ ಗಾಳಿ, ಬುಸ್ ಎಂದಿತು. ಮ ಬಂತು, ಪ ಬಂತು. ಮುಂದಿನದು ಮತ್ತೆ ಬುಸ್. ಕೆಳಗಿಳಿಯುವಾಗಲೂ ಅಲ್ಲಲ್ಲೇ ಬುಸ್, ಬುಸ್.

“ಇದು ಈಗ ಹರಿದಿದ್ದರಿಂದ ಆಗಿದ್ದಲ್ಲವೇ?”

“ಅಲ್ರಿ. ಹಂಗಾಗಿದ್ರ ಎಲ್ಲಾನೂ ಹೋಗ್ತಿದ್ವು. ಇವೆರಡು ತಂದಾಗಿಂದ ಸತ್ತಾವ್ರಿ. ರಿಪೇರಿಗೆ ಕೊಟ್ರ ಊರಿಗೆಲ್ಲಾ ಗೊತ್ತಾಗ್ತಿತ್ತು. ಆ ಮನಿ ಬಂದಲ್ಲೆ ನಾ ಜೋರಾಗಿ ಹಾಡ್ತಿದ್ದೆ.”

ಭಜನೆಯ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣು ಮುಚ್ಚಿದ್ದು, ತಲೆ ಹಿಂದಕ್ಕೆ ಚೆಲ್ಲಿದ್ದು, ಉಕ್ಕಿ ಬಂದ ಭಕ್ತಿ, ಎಲ್ಲದರ ಗುಟ್ಟೂ ಒಂದೇ ಏಟಿಗೆ ಬಯಲಾಗಿತ್ತು. ಯಾಕೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎನ್ನುವುದೂ ತಿಳಿಯಿತು. ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಪ್ಪನ ಮುಖ ನೋಡಿದ ಮೇಲೆ ನಗು ತಾನಾಗಿ ನಿಂತಿತು. ಹಂಚಿಗಿಂತ ಕೆಂಪಾಗಿ, ಕೈಗಳನ್ನು ಪೇಟಿಯ ಮೇಲೆಯೇ ಬಿಟ್ಟು ನಿಂತಿದ್ದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಸರಕಾರಿ ವಕೀಲರು ತಕರಾರು ಬಿಟ್ಟರು. ಬೆಲೆ ಇನ್ನೂರೈವತ್ತರ ಒಳಗಿದೆ, ಮಾಲೀಕ ಮನಸ್ಸಿನಿಂದಲೇ ಒಪ್ಪಿದ್ದಾನೆ, ಹರಿದ ತಿದಿಯನ್ನು ಆರೋಪಿ ತನ್ನ ಖರ್ಚಿನಲ್ಲಿ ಸರಿಮಾಡಿಸಿ ಕೊಡತಕ್ಕದ್ದು ಎಂದು ನ್ಯಾಯಾಧೀಶರು ಬರೆಸಿ, ರಾಜಿಗೆ ಅನುಮತಿ ಕೊಟ್ಟು ಯುವಕನನ್ನು ಬಿಡುಗಡೆ ಮಾಡಿದರು. ಅವನ ತಾಯಿ ಆಗ ಅತ್ತಳು. ಅಷ್ಟು ತಿಂಗಳ ಅಳುವನ್ನು ಅಲ್ಲಿಯೇ ಮುಗಿಸಿದಳು. ಅವ್ವ ಅವಳ ಬೆನ್ನು ಸವರುತ್ತ ಅಪ್ಪನ ಕಡೆ ಕಣ್ಣು ಬಿಟ್ಟಳು. “ಇಷ್ಟು ವರ್ಷ ಬೈದದ್ದೆಲ್ಲಾ ದಂಡ ಆತಲ್ರಿ ನಂದು!” ಎಂದಳು.

ಹೊರಗೆ ಬಂದು ಎಲ್ಲರೂ ಮರದ ನೆರಳಿನಲ್ಲಿ ನಿಂತೆವು. ಅಪ್ಪನ ಹತ್ತಿರ ಹೋಗಿ ಮಾತಾಡಿಸಲು ಭಜನೆಯವರಿಗೆ ಸಂಕೋಚ. ಯುವಕನೇ ಹೋದ.

“ಆ ಎರಡು ಮನಿ ಸತ್ತಾವಂತ ನನಗ ನಾಟಕದ ದಿನಾನ ಗೊತ್ತಾಗಿತ್ರಿ ಸಾವಕಾರ್ರ.”

ನನ್ನೊಳಗಿನ ಅರ್ಧ ವಕೀಲೆ ಎದ್ದು ಕೂತಳು. “ಮತ್ತ ನಿನ್ನ ವಕೀಲರಿಗೆ ಯಾಕ ಹೇಳಲಿಲ್ಲ? ಆ ಒಂದು ಮಾತಿಗೆ ಬೆಲಿ ಇಳೀತಿತ್ತು. ನೌಕರಿ ಹೋಗೂ ಹೊತ್ತಿನ್ಯಾಗ ಬಾಯಿ ಮುಚಗೊಂಡು ಕುಂತಿದ್ದಿ?”

“ಹೇಳಿದ್ರ ಎಲ್ಲಾರ ಮುಂದ ಇವರ ಮಾನ ಹೋಗ್ತಿತ್ತಲ್ರಿ ಅಕ್ಕಾರ. ಒಮ್ಮಿ ಕದ್ದದ್ದ ಸಾಕಾಗಿತ್ತು.” ಅವನು ಅಪ್ಪನ ಕಡೆ ತಿರುಗಿದ. “ಆ ಪೇಟಿ ಮ್ಯಾಲೆ ಒಂದು ನಾಟಕ ನುಡಸೂದ್ರಾಗ ನನ್ನ ಬೆರಳು ಸೋತುಹೋದ್ವು ರೀ. ನೀವು ಇಷ್ಟು ವರ್ಷ ಹ್ಯಾಂಗ ನುಡಿಸಿದ್ರಿ?”

ಅಪ್ಪ ನುಡಿಸುವುದನ್ನು ಊರೆಲ್ಲ ಹೊಗಳಿತ್ತು. ಅದರ ಹಿಂದೆ ಎಂಥ ಕಸರತ್ತಿತ್ತು ಎಂದು ಗೊತ್ತಿದ್ದದ್ದು ಈ ಒಬ್ಬನಿಗೆ. ಅಪ್ಪ ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. ಎಲ್ಲರೂ ನೋಡುತ್ತಿದ್ದರೂ ಒರೆಸಿಕೊಂಡರು.

“ತಿದಿ ಮಾಡಸಾಕ ಬೆಳಗಾವಿಗೆ ಒಯ್ತೀನ್ರಿ. ಅದರ ಕೂಡ ಆ ಎರಡು ಸ್ವರಾನೂ ಹಾಕಸಲೇನ್ರಿ?” ಎಂದು ಅವನು ಕೇಳಿದ.

“ಬ್ಯಾಡ” ಎಂದರು ಅಪ್ಪ. “ಸೋಮವಾರ ಪೇಟಿ ನೀ ನುಡಸು. ಅವೆರಡು ಮನಿ ಬಂದಲ್ಲೆ ನಾ ಹಾಡ್ತೀನಿ.”

ಹಾಗೆಂದು ಪೇಟಿಯನ್ನು ತಾವೇ ಎತ್ತಿ ಅವನ ಹೆಗಲಿಗೆ ಕೊಟ್ಟರು.